ಒಂದೇ ದೃಶ್ಯ, ನಾಲ್ಕು ಸಲ: ಸೌಂಡ್ ಡಿಸೈನ್ ಕಲಿಯಲು ನಾನು ಹಿಡಿದ ದಾರಿಗಳು

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಫೋಲ್ಡರ್ ಇದೆ. ಅದರಲ್ಲಿ ಒಂದೇ ದೃಶ್ಯದ ನಾಲ್ಕು ಫೈಲುಗಳಿವೆ. ದೃಶ್ಯ 1 ನಿಮಿಷ 40 ಸೆಕೆಂಡಿನದು. ಹೊರಗೆ ಮಳೆ. ಒಬ್ಬಳು ಬಾಗಿಲು ತೆಗೆದು ಖಾಲಿ ಮನೆಯೊಳಗೆ ಬರುತ್ತಾಳೆ. ಮರದ ಮೆಟ್ಟಿಲು ಹತ್ತುತ್ತಾಳೆ. ಬೀರು ತೆಗೆದು, ಒಳಗಿದ್ದ ಹಳೇ ಕಾಗದ ಬಿಚ್ಚಿ ಓದುತ್ತಾಳೆ. ಮಾತೇ ಇಲ್ಲ. ಗೆಳೆಯನೊಬ್ಬ ಶೂಟ್ ಮಾಡಿದ್ದು. ಅವತ್ತು ಹಿಡಿದ ಶಬ್ದವೆಲ್ಲ ಕೆಟ್ಟುಹೋಗಿತ್ತು. "ನಿಂಗೆ ಕಲಿಯೋಕೆ ಆಗುತ್ತೆ, ಇಟ್ಕೋ" ಅಂತ ಕೊಟ್ಟ.

ಸುಮಾರು ಒಂದೂವರೆ ವರ್ಷದಲ್ಲಿ ಈ ದೃಶ್ಯಕ್ಕೆ ನಾಲ್ಕು ಸಲ ಶಬ್ದ ಕಟ್ಟಿದೆ. ನಾಲ್ಕು ಸಲವೂ ಕಲಿಯುವ ದಾರಿ ಬೇರೆ. ಮೊದಲನೆಯದು ದುಡ್ಡು ಕಟ್ಟಿ ಸೇರಿದ 12 ವಾರದ ಆನ್‌ಲೈನ್ ಕೋರ್ಸ್. ಎರಡನೆಯದರಲ್ಲಿ ಕೋರ್ಸ್ ಬಿಟ್ಟು, ಬಿಟ್ಟಿ ಸಿಗುವ ಸೌಂಡ್ ಲೈಬ್ರರಿಗಳನ್ನು (ಸಿದ್ಧ ಶಬ್ದಗಳ ಸಂಗ್ರಹ) ಇಟ್ಟುಕೊಂಡು ನಾನೇ ಒದ್ದಾಡಿದೆ. ಮೂರನೆಯದಕ್ಕೆ ಲೈಬ್ರರಿ ಮುಟ್ಟಲೇ ಇಲ್ಲ, ಎಲ್ಲವನ್ನೂ ಕೈಯಲ್ಲಿ ಹಿಡಿಯುವ ಚಿಕ್ಕ ರೆಕಾರ್ಡರಿನಲ್ಲಿ ನಾನೇ ಹಿಡಿದೆ. ನಾಲ್ಕನೆಯದು, ಹಿರಿಯ ಸೌಂಡ್ ಎಡಿಟರ್ ಮೇಡಂ ಒಬ್ಬರ ಕೈಕೆಳಗೆ 18 ನಿಮಿಷದ ಕಿರುಚಿತ್ರಕ್ಕೆ ಅಸಿಸ್ಟೆಂಟ್ ಆಗಿ ದುಡಿದು ಬಂದ ಮೇಲೆ ಮಾಡಿದ್ದು.

ಪ್ರತಿ ಸಲ ಮುಗಿದಾಗಲೂ ಅದೇ ಮೂವರು ಗೆಳೆಯರನ್ನು ಕೂರಿಸಿ, ಕಣ್ಣು ಮುಚ್ಚಿಸಿ ಬರೀ ಶಬ್ದ ಕೇಳಿಸಿದೆ. ಏನಾಗ್ತಿದೆ ಹೇಳಿ ಅಂದೆ. ಆಮೇಲೆ ಚಿತ್ರ ಹಾಕಿ ತೋರಿಸಿದೆ. ಇದೇನೂ ದೊಡ್ಡ ಪ್ರಯೋಗವಲ್ಲ. ಎರಡನೇ ಸಲದಿಂದ ಅವರಿಗೆ ಕಥೆ ಗೊತ್ತಿತ್ತು ಬೇರೆ. ಆದರೂ ನನ್ನ ಕಿವಿಗಿಂತ ಅವರ ಕಿವಿ ವಾಸಿ. ನಾನು ಒಂದು ಬಾಗಿಲನ್ನು ನೂರು ಸಲ ಕೇಳಿರುತ್ತೇನೆ, ಅಷ್ಟು ಕೇಳಿದ ಮೇಲೆ ಏನು ಹಾಕಿದರೂ ಸರಿ ಅನಿಸುತ್ತದೆ.

ಮಳೆಯಿಂದ ಶುರು ಮಾಡುತ್ತೇನೆ. ನಾಲ್ಕು ದಾರಿಗಳ ವ್ಯತ್ಯಾಸ ಅಲ್ಲೇ ಜಾಸ್ತಿ ಕಾಣುವುದು.

ಕೋರ್ಸಿನಲ್ಲಿ ಪ್ರತಿ ಪಾಠಕ್ಕೂ ಒಂದು ಶಬ್ದದ ಪ್ಯಾಕ್ ಕೊಡುತ್ತಿದ್ದರು. ಮಳೆ ಬೇಕಾದರೆ ಮೂರು ಫೈಲು: ಸಣ್ಣ ಮಳೆ, ಮಧ್ಯಮ ಮಳೆ, ಜೋರು ಮಳೆ. ನಾನು ಮಧ್ಯಮದ್ದು ಎತ್ತಿ ಹಾಕಿದೆ. ಹತ್ತು ನಿಮಿಷದ ಕೆಲಸ. ಚೆನ್ನಾಗಿಯೇ ಇತ್ತು. ಆದರೆ ನಮ್ಮ ಬ್ಯಾಚಿನಲ್ಲಿ ಎಲ್ಲರ ಮಳೆಯೂ ಅದೇ ಮಳೆ! ಆಯ್ಕೆ ಮೊದಲೇ ಆಗಿಹೋಗಿತ್ತು. ನಾವು ಮಾಡಿದ್ದು ಜೋಡಿಸುವ ಕೆಲಸ ಮಾತ್ರ.

ಲೈಬ್ರರಿಯಲ್ಲಿ ತದ್ವಿರುದ್ಧ. ಫ್ರೀಸೌಂಡ್ ತಾಣದಲ್ಲಿ ಮಳೆ ಅಂತ ಹುಡುಕಿದರೆ ಪುಟದ ಮೇಲೆ ಪುಟ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಶುರು ಮಾಡಿದ ತಾಣ ಅದು. ಯಾರು ಬೇಕಾದರೂ ಶಬ್ದ ಏರಿಸಬಹುದು. ಹಾಗಾಗಿ ಚಿನ್ನವೂ ಇದೆ, ಕಸವೂ ಇದೆ. ಮಳೆ ಹುಡುಕಲು ಮೂರು ಸಂಜೆ ಹೋಯಿತು. ಕೊನೆಗೆ 23 ಸೆಕೆಂಡಿನ ಒಂದು ತುಣುಕು ತುಂಬಾ ಹಿಡಿಸಿತು. ಅದನ್ನೇ ಮತ್ತೆ ಮತ್ತೆ ಜೋಡಿಸಿ ದೃಶ್ಯದುದ್ದಕ್ಕೂ ಹಾಸಿದೆ. ಆ ತುಣುಕಿನಲ್ಲಿ ದೂರದಲ್ಲಿ ಒಂದು ಹಾರ್ನ್ ಇತ್ತು. ನನಗೆ ಅದು ಕೇಳಿಸಿರಲೇ ಇಲ್ಲ. ಗೆಳತಿಯೊಬ್ಬಳು ಎರಡನೇ ಹಾರ್ನಿಗೇ ಕಣ್ಣು ಬಿಟ್ಟು, "ಆ ಗಾಡಿಯವನು ಇಲ್ಲೇ ಸುತ್ತು ಹೊಡೀತಿದ್ದಾನಾ?" ಅಂದಳು. ಅವತ್ತಿನಿಂದ ಯಾವ ಆಂಬಿಯನ್ಸನ್ನೂ, ಅಂದರೆ ಜಾಗದ ಹಿನ್ನೆಲೆ ಸದ್ದನ್ನೂ, ಒಂದೇ ಅಳತೆಯಲ್ಲಿ ಸುತ್ತಿಸಿಲ್ಲ. ಎರಡು ಬೇರೆ ಉದ್ದದ ಪದರ ಹಾಕುತ್ತೇನೆ. ಒಂದು 23 ಸೆಕೆಂಡಿನದಾದರೆ ಇನ್ನೊಂದು 37ರದು. ಎರಡೂ ಒಟ್ಟಿಗೆ ಮೊದಲಿಗೆ ಬರುವ ಹೊತ್ತಿಗೆ ದೃಶ್ಯ ಎಂದೋ ಮುಗಿದಿರುತ್ತದೆ. ಈ ಪಾಠ ಕೋರ್ಸಿನಲ್ಲೂ ಇತ್ತಂತೆ. ಆಮೇಲೆ ತಿರುವಿ ನೋಡಿದಾಗ ಸಿಕ್ಕಿತು. ಅಲ್ಲಿ ಓದಿದ್ದೆ, ಇಲ್ಲಿ ಮುಖಕ್ಕೆ ಹೊಡೆಸಿಕೊಂಡೆ.

ರೆಕಾರ್ಡರ್ ಹಿಡಿದು ಮಳೆಗೆ ಹೋದಾಗ ಇನ್ನೊಂದು ಬಗೆಯ ಪೆಟ್ಟು. ಮೈಕ್ ಮುಂದೆ ಜಡಿಮಳೆ ಸುರಿಯುತ್ತಿದೆ, ಹೆಡ್‌ಫೋನಿನಲ್ಲಿ ಸ್ಟೇಷನ್ ಸಿಗದ ರೇಡಿಯೋ ಹಾಗೆ ಬರೀ ಸುಯ್ ಅನ್ನುತ್ತಿದೆ. ಮಳೆ ಮಳೆಯ ಹಾಗೆ ಕೇಳಿಸುತ್ತಲೇ ಇಲ್ಲ. ಅರ್ಧ ಗಂಟೆ ಅತ್ತಿತ್ತ ಓಡಾಡಿದ ಮೇಲೆ ಗೊತ್ತಾಯಿತು, ಮಳೆಗೆ ಸ್ವಂತ ಶಬ್ದ ಇಲ್ಲ. ಅದು ಯಾವುದರ ಮೇಲೆ ಬೀಳುತ್ತದೋ ಅದರ ಶಬ್ದವೇ ಮಳೆಯ ಶಬ್ದ. ತಗಡಿನ ಮೇಲೆ ತಟತಟ. ಅಗಲವಾದ ಎಲೆಯ ಮೇಲೆ ಪಟಪಟ. ತುಂಬಿದ ಬಕೆಟಿನಲ್ಲಿ ಬುಳುಬುಳು. ಸೂರಿನಂಚಿಂದ ಇಳಿಯುವ ಕೊನೆಯ ಹನಿಗೆ ತೊಟ್ ತೊಟ್. ಐದು ಕಡೆ ಐದು ಟೇಕ್ ಹಿಡಿದು ತಂದೆ. ಬಾಗಿಲು ತೆರೆದಾಗ ಎಲೆ ಮತ್ತು ತಗಡು, ಬಾಗಿಲು ಮುಚ್ಚಿದ ಮೇಲೆ ಕಿಟಕಿ ಗಾಜಿನ ಒಳಗಿನಿಂದ ಹಿಡಿದ ಮಂಕು ಮಳೆ. ಕಣ್ಣು ಮುಚ್ಚಿದ್ದ ಮೂವರಲ್ಲಿ ಇಬ್ಬರು, "ಈಗ ಒಳಗೆ ಬಂದಳು" ಅಂತ ಸರಿಯಾದ ಜಾಗದಲ್ಲಿ ಹೇಳಿದರು. ಹಿಂದಿನ ಎರಡು ಸಲ ಯಾರೂ ಹಾಗೆ ಹೇಳಿರಲಿಲ್ಲ.

ಇಲ್ಲೊಂದು ಪಕ್ಕದ ಮಾತು. ಲೈಬ್ರರಿ ಫೈಲುಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ ಇರುತ್ತವೆ. ಬಾಗಿಲು, ಮರ, ಮುಚ್ಚು, ನಿಧಾನ ಅಂತ ನಾಲ್ಕು ಪದ. ಅದರಿಂದ ಶಬ್ದ ಹೇಗಿದೆ ಅಂತ ಗೊತ್ತಾಗುವುದಿಲ್ಲ. ನನ್ನ ರೆಕಾರ್ಡಿಂಗ್‌ಗಳಿಗೆ ಹೆಸರಿಡುವಾಗ ಸುಮ್ನೆ ಕನ್ನಡದ ಅನುಕರಣ ಪದಗಳನ್ನೇ ಬಳಸಿದೆ: ಬಾಗಿಲು ಧಡ್, ಬಾಗಿಲು ಠಪ್, ಬಾಗಿಲು ಕಿರ್ರ್. ಧಡ್ ಅಂದರೆ ತೂಕ ಇದೆ, ಕೋಪ ಇದೆ. ಠಪ್ ಅಂದರೆ ಹಗುರ ಬಾಗಿಲು, ಗಾಳಿಗೆ ಹಾಕಿಕೊಂಡದ್ದೂ ಇರಬಹುದು. ಫೈಲು ತೆರೆಯದೆಯೇ ಕೇಳಿಸುತ್ತದೆ. ಸರಸರ, ಪರಪರ, ಚರಚರ, ಗರಗರ ಇವೆಲ್ಲ ಬಟ್ಟೆ, ಕಾಗದ, ಮರಳು, ಕಲ್ಲುಗಳ ನಡುವಿನ ಸಣ್ಣ ಸಣ್ಣ ವ್ಯತ್ಯಾಸಗಳೇ ಅಲ್ವಾ? ಈಗ ದೃಶ್ಯ ನೋಡಿ ಪಟ್ಟಿ ಬರೆಯುವಾಗಲೂ ಮೊದಲು ಬರೆಯುವುದು ಇದನ್ನೇ. ವಸ್ತುವಿನ ಹೆಸರು ಆಮೇಲೆ.

ಇನ್ನು ಮೆಟ್ಟಿಲು. ಹನ್ನೊಂದು ಮೆಟ್ಟಿಲು, ಹನ್ನೊಂದು ಹೆಜ್ಜೆ.

ಕೋರ್ಸಿನಲ್ಲಿ ಇದಕ್ಕೆ ಒಳ್ಳೆಯ ಬುನಾದಿ ಸಿಕ್ಕಿತು, ಅದನ್ನು ಒಪ್ಪಿಕೊಳ್ಳಬೇಕು. ಚಿತ್ರ ನೋಡುತ್ತಾ ನೋಡುತ್ತಾ ಕೈಕಾಲಾಡಿಸಿ ಶಬ್ದ ಮಾಡುವುದಕ್ಕೆ ಫೋಲಿ ಅನ್ನುತ್ತಾರೆ. ಮೂಕಿ ಹೋಗಿ ಟಾಕಿ ಬಂದ ಕಾಲದಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಹೀಗೆ ಮಾಡುತ್ತಿದ್ದ ಜ್ಯಾಕ್ ಫೋಲಿಯ ಹೆಸರೇ ಕೆಲಸಕ್ಕೂ ಅಂಟಿಕೊಂಡಿತು. ಹೆಜ್ಜೆ, ಬಟ್ಟೆ, ವಸ್ತು ಅಂತ ಇದರಲ್ಲಿ ಮೂರು ಪಾಲು, ಒಂದೊಂದನ್ನೂ ಬೇರೆ ಬೇರೆ ಹಿಡಿಯುತ್ತಾರೆ. ಫ್ರೇಮಿನ ಲೆಕ್ಕವೂ ಅಲ್ಲೇ ಕಲಿತದ್ದು. ಫ್ರೇಮ್ ಅಂದರೆ ಸಿನಿಮಾದ ಒಂದು ಬಿಡಿ ಚಿತ್ರ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಒಂದು ಫ್ರೇಮ್ 40 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 14 ಮೀಟರ್ ಸಾಗುತ್ತದೆ. ಅಂದರೆ 14 ಮೀಟರ್ ಆಚೆ ನಿಂತವನ ಚಪ್ಪಾಳೆ ನಿಜ ಜೀವನದಲ್ಲೇ ಒಂದು ಫ್ರೇಮ್ ತಡವಾಗಿ ಕೇಳಿಸುತ್ತದೆ. ಶಬ್ದ ಒಂಚೂರು ಹಿಂದೆ ಬಿದ್ದರೆ ಮನಸ್ಸು ಸಹಿಸುತ್ತದೆ. ಕಾಲು ನೆಲ ಮುಟ್ಟುವ ಮೊದಲೇ ಬಂದರೆ ಸಹಿಸುವುದಿಲ್ಲ. ಇದನ್ನು ಲೈಬ್ರರಿ ಯಾರಿಗೂ ಹೇಳಿಕೊಡುವುದಿಲ್ಲ.

ಲೈಬ್ರರಿ ಹೆಜ್ಜೆಗಳು ಮಾತ್ರ ದೊಡ್ಡ ನಿರಾಸೆ. ಯಾರೋ ಎಲ್ಲೋ ಸಮತಟ್ಟು ಮರದ ನೆಲದ ಮೇಲೆ ಒಂದೇ ವೇಗದಲ್ಲಿ ನಡೆದದ್ದು. ಒಂದೊಂದು ಹೆಜ್ಜೆ ಕತ್ತರಿಸಿ ಹನ್ನೊಂದು ಕಡೆ ಕೂರಿಸಿದೆ. ಸಿಂಕ್, ಅಂದರೆ ಚಿತ್ರಕ್ಕೂ ಶಬ್ದಕ್ಕೂ ಇರುವ ಹೊಂದಿಕೆ, ಎಲ್ಲ ಸರಿ. ಆದರೆ ಅವಳು ಮೇಲೆ ಹೋಗುತ್ತಿದ್ದಾಳೆ ಅಂತ ಅನಿಸಲಿಲ್ಲ. ಜೊತೆಗೆ ಆ ಹೆಜ್ಜೆಗಳನ್ನು ಹಿಡಿದ ಕೋಣೆಯ ಪ್ರತಿಧ್ವನಿ ಫೈಲಿನೊಳಗೇ ಅಂಟಿಕೊಂಡಿತ್ತು. ಬಾಗಿಲು ಒಂದು ಕೋಣೆಯದು, ಹೆಜ್ಜೆ ಇನ್ನೊಂದು ಕೋಣೆಯದು, ಬೀರು ಮೂರನೆಯದರದು. "ಹೋಟೆಲಾ? ಆಸ್ಪತ್ರೆನಾ?" ಅಂದರು ಗೆಳೆಯರು. ಪ್ರತಿಧ್ವನಿ ಸೇರಿಸುವುದು ಸುಲಭ. ಸೇರಿಹೋದದ್ದನ್ನು ತೆಗೆಯುವುದು ಭಾರೀ ಕಷ್ಟ.

ನಾನೇ ಹತ್ತಿ ಹಿಡಿದಾಗ ಗೊತ್ತಾದದ್ದು: ಮೆಟ್ಟಿಲು ಹತ್ತುವಾಗ ಕಾಲಿನ ಮುಂಭಾಗ ಮೊದಲು ಊರುತ್ತೇವೆ, ಹಿಮ್ಮಡಿ ಎಷ್ಟೋ ಸಲ ತಾಗುವುದೇ ಇಲ್ಲ. ತೂಕ ಬೀಳುವುದು ಹೆಜ್ಜೆಯ ಸದ್ದಿನಲ್ಲಿ ಅಲ್ಲ, ಅದರ ಬೆನ್ನಿಗೇ ಮರ ಕೊಡುವ ಸಣ್ಣ ನರಳಾಟದಲ್ಲಿ. ಅವಳ ಕಾಲು ಅರ್ಧ ಹೊತ್ತು ಚೌಕಟ್ಟಿನಲ್ಲೇ ಇಲ್ಲ. ಹಾಗಾಗಿ ಭುಜ ನೋಡಿಕೊಂಡು ಹೆಜ್ಜೆ ಹಾಕಿದೆ. ಭುಜ ಸುಳ್ಳು ಹೇಳುವುದಿಲ್ಲ. ಚಪ್ಪಲಿ ಒದ್ದೆ ಮಾಡಿಕೊಂಡೆ, ಪಚಕ್ ಅಂತ ಜಾಸ್ತಿಯೇ ಬಂತು. ಒರೆಸಿಕೊಂಡು ಮತ್ತೆ ಹತ್ತಿದೆ. ಹದಿನಾರು ಟೇಕ್. ಮರುದಿನ ತೊಡೆ ನೋವು.

ಫ್ರಿಜ್ಜಿನ ಗುಂಯ್ ಸದ್ದು ಎಲ್ಲ ಟೇಕಿನಲ್ಲೂ ನುಸುಳುತ್ತಿತ್ತು. ರೆಕಾರ್ಡಿಸ್ಟ್‌ಗಳಲ್ಲಿ ಇದಕ್ಕೊಂದು ಹಳೇ ಉಪಾಯ ಇದೆ: ಫ್ರಿಜ್ ಆರಿಸಿ, ಗಾಡಿ ಕೀ ಅದರೊಳಗೇ ಇಡುವುದು. ಹೊರಡುವಾಗ ಕೀ ಹುಡುಕುತ್ತೀರಿ, ಫ್ರಿಜ್ ನೆನಪಾಗುತ್ತದೆ. ನಾನು ಗಾಡಿ ತೆಗೆಯದ ದಿನ ಇದನ್ನು ಮಾಡಿದೆ. ಏನಾಯಿತು ಅಂತ ಹೇಳಬೇಕಿಲ್ಲ.

ಬೀರಿನದು ಚಿಕ್ಕ ಕಥೆ. ನನ್ನ ಬೀರು ಸದ್ದೇ ಮಾಡುವುದಿಲ್ಲ. ಹಳೇ ಕುರ್ಚಿಯೊಂದನ್ನು ಓರೆ ಮಾಡಿ ಕೂತಾಗ ಬರುವ ಕಿರ್ರನ್ನು ಹಿಡಿದು ಬೀರಿಗೆ ಕೊಟ್ಟೆ. ಯಾರಿಗೂ ಅನುಮಾನ ಬರಲಿಲ್ಲ. ಕಣ್ಣಿಗೆ ಕಂಡದ್ದೂ ಕಿವಿಗೆ ಬಿದ್ದದ್ದೂ ಒಂದೇ ಕ್ಷಣದಲ್ಲಾದರೆ ಮನಸ್ಸು ತಾನಾಗಿ ಎರಡಕ್ಕೂ ಗಂಟು ಹಾಕುತ್ತದೆ. ಫ್ರಾನ್ಸಿನ ಸಿನಿಮಾ ಚಿಂತಕ ಮಿಶೆಲ್ ಶಿಯೋನ್ ಇದಕ್ಕೆ ಸಿಂಕ್ರೆಸಿಸ್ ಅಂತ ಹೆಸರಿಟ್ಟಿದ್ದಾರೆ. ಕೋರ್ಸಿನ ಪರೀಕ್ಷೆಯಲ್ಲಿ ಈ ಪದದ ಅರ್ಥ ಬರೆದು ಪೂರ್ತಿ ಅಂಕ ತಗೊಂಡಿದ್ದೆ. ಅರ್ಥ ಆದದ್ದು ಕುರ್ಚಿಯ ಮೇಲೆ ಕೂತಾಗ.

ಇಷ್ಟು ಹೊತ್ತು ಕೇಳಿದರೆ ರೆಕಾರ್ಡರೇ ಗೆದ್ದಿತು ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಮೂರನೇ ಫೈಲನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಅದನ್ನು ನೋಡಿಯೇ ಆ ಹಿರಿಯ ಎಡಿಟರ್ ನನ್ನನ್ನು ಕರೆದದ್ದು. ಕೆಲಸ ಕೊಡುವ ಮೊದಲು ಒಂದು ಸಲ ಒಟ್ಟಿಗೆ ಕೂತು ನೋಡಿದರು. ಕಾಗದ ಓದುವ ಜಾಗದಲ್ಲಿ ನಿಲ್ಲಿಸಿದರು.

"ಇಲ್ಲಿ ಮಳೆ ಯಾಕಿದೆ?"

"ಹೊರಗೆ ಬರ್ತಾ ಇದೆಯಲ್ಲ ಮೇಡಂ."

"ಬರ್ತಿರೋದು ನನಗೂ ಕಾಣುತ್ತೆ ಕಣಪ್ಪ. ಅವಳಿಗೆ ಕೇಳಿಸ್ತಿದೆಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಐದು ಕಡೆ ನೆನೆದು ಹಿಡಿದು ತಂದ ಮಳೆ, ಅದನ್ನು ಎಲ್ಲಾದರೂ ಬಿಡಲು ಮನಸ್ಸು ಬರುತ್ತದಾ? ಸ್ವಂತ ರೆಕಾರ್ಡಿಂಗ್‌ನ ದೊಡ್ಡ ತೊಂದರೆಯೇ ಇದು. ಬೆವರು ಸುರಿಸಿದ ಶಬ್ದ ಬಿಸಾಡಲು ಕೈ ಬರುವುದಿಲ್ಲ. ಲೈಬ್ರರಿ ಫೈಲನ್ನು ಯಾವ ಮುಲಾಜೂ ಇಲ್ಲದೆ ಅಳಿಸುತ್ತೇವೆ.

ಆ ಕಿರುಚಿತ್ರದ ಆರು ವಾರಗಳಲ್ಲಿ ಹೊಸ ಶಬ್ದ ಮಾಡುವುದನ್ನು ನಾನು ಹೆಚ್ಚೇನೂ ಕಲಿಯಲಿಲ್ಲ. ಕಲಿತದ್ದೆಲ್ಲ ಬೇರೆ. ಚಿತ್ರ ಲಾಕ್ ಆಗಿದೆ, ಇನ್ನು ಎಡಿಟ್ ಬದಲಾಗುವುದಿಲ್ಲ ಅಂತ ನಿರ್ದೇಶಕರು ಹೇಳಿದ ಮೇಲೂ 14 ಫ್ರೇಮ್ ಕಿತ್ತುಹಾಕುತ್ತಾರೆ, ಅಲ್ಲಿಂದ ಮುಂದಿನ ಶಬ್ದವೆಲ್ಲ ಜಾರುತ್ತದೆ, ರಾತ್ರಿ ಕೂತು ಮತ್ತೆ ಕೂಡಿಸಬೇಕು. ಚಿತ್ರ ಶುರುವಾಗುವ ಸರಿಯಾಗಿ 2 ಸೆಕೆಂಡ್ ಮೊದಲು ಒಂದು ಫ್ರೇಮಿನಷ್ಟು ಬೀಪ್ ಇಡುವುದನ್ನು ಮರೆತರೆ ಮುಂದಿನವರಿಗೆ ಸಿಂಕ್ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ನಿರ್ದೇಶಕರು "ಸ್ವಲ್ಪ ಒಂಟಿತನ ಬೇಕು" ಅಂದರೆ ಯಾವ ಟ್ರ್ಯಾಕ್ ಮುಟ್ಟಬೇಕು ಅಂತ ಊಹಿಸಬೇಕು. ಒಮ್ಮೆ ಮೂವರು ಕಾರಿಡಾರಿನಲ್ಲಿ ನಡೆಯುವ ಶಾಟ್ ಇತ್ತು. ಮೂವರ ಒಂದೊಂದು ಹೆಜ್ಜೆಯನ್ನೂ ಎರಡು ರಾತ್ರಿ ಕೂತು ಕೂರಿಸಿದೆ. ಮೇಡಂ ನಕ್ಕುಬಿಟ್ಟರು. ಹಾಲಿವುಡ್ಡಿನ ಹೆಸರಾಂತ ಸೌಂಡ್ ಡಿಸೈನರ್ ವಾಲ್ಟರ್ ಮರ್ಚ್ ಹೇಳುವ ಎರಡೂವರೆಯ ನಿಯಮ ಗೊತ್ತಿಲ್ವಾ ಅಂದರು. ಒಬ್ಬರ ಹೆಜ್ಜೆ ಚಿತ್ರಕ್ಕೆ ಕೂಡಬೇಕು. ಇಬ್ಬರದೂ ಕೂಡಬೇಕು. ಮೂವರಾದರೆ ಕಣ್ಣು ಲೆಕ್ಕ ಬಿಟ್ಟುಬಿಡುತ್ತದೆ, ಗುಂಪಿನ ಸದ್ದು ಹಾಕಿದರೆ ಸಾಕು. ನನ್ನ ಎರಡು ರಾತ್ರಿ ಹೋಯಿತು, ನಿಯಮ ಮಾತ್ರ ಇನ್ನು ಸಾಯುವತನಕ ಮರೆಯುವುದಿಲ್ಲ.

ಮನೆಗೆ ಬಂದು ನಾಲ್ಕನೇ ಸಲ ಕಟ್ಟಿದಾಗ ಎಲ್ಲ ದಾರಿಗಳ ಮಾಲೂ ಬೆರೆಯಿತು. ಹೆಜ್ಜೆ, ಬಟ್ಟೆ, ಕಾಗದ ನನ್ನವು. ಗುಡುಗು ಲೈಬ್ರರಿಯದು, ಒಂದೇ ಒಂದು. ಮೆಟ್ಟಿಲು ಹತ್ತುತ್ತಾ ಹೋದಂತೆ ಮಳೆ ಕರಗುತ್ತದೆ. ಕಾಗದ ಬಿಚ್ಚುವಾಗ ಪರಪರ, ಆಮೇಲೆ ಕೋಣೆಯ ಮೌನ. ಮೌನ ಅಂದರೆ ಪೂರ್ತಿ ಸೊನ್ನೆ ಅಲ್ಲ, ಸೊನ್ನೆ ಹಾಕಿದರೆ ಸ್ಪೀಕರ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಅದೇ ಮನೆಯಲ್ಲಿ ಯಾರೂ ಇಲ್ಲದಾಗ ಒಂದು ನಿಮಿಷ ಹಿಡಿದ ರೂಮ್ ಟೋನ್. ಎರಡನೇ ಫೈಲಿನಲ್ಲಿ 138 ಕ್ಲಿಪ್ ಇದ್ದವು. ನಾಲ್ಕನೆಯದರಲ್ಲಿ 52.

ಹಾಗಾದರೆ ಕೋರ್ಸ್ ದಂಡವಾಯಿತಾ? ಇಲ್ಲ, ಪೂರ್ತಿ ಹಾಗನ್ನಲು ಆಗುವುದಿಲ್ಲ. ಶಿಕ್ಷಕರ ಪ್ರತಿಕ್ರಿಯೆ ವಾರ ಕಳೆದು ಮೂರು ಸಾಲಿನಲ್ಲಿ ಬರುತ್ತಿತ್ತು, ಅದು ಬೇಸರ. ಆದರೆ ಸ್ಟುಡಿಯೋಗೆ ಕಾಲಿಟ್ಟ ದಿನ ಅಲ್ಲಿನವರ ಮಾತು ಅರ್ಥ ಆದದ್ದು ಕೋರ್ಸಿನಿಂದಲೇ. ಚಿತ್ರದ ಶಬ್ದ 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿರಬೇಕು ಅಂತ ಯಾರೂ ನನಗೆ ಮತ್ತೆ ಹೇಳಿಕೊಡಬೇಕಿರಲಿಲ್ಲ. ಯುರೋಪಿನ ಟೀವಿಗೆ ಸರಾಸರಿ ಗಟ್ಟಿತನ ಮೈನಸ್ 23 ಎಲ್‌ಯುಎಫ್‌ಎಸ್ (ಗಟ್ಟಿತನದ ಅಳತೆ) ಇರಬೇಕು, ನೆಟ್‌ಫ್ಲಿಕ್ಸ್‌ಗೆ ಮಾತಿನ ಭಾಗವನ್ನು ಅಳೆದು ಮೈನಸ್ 27 ಇರಬೇಕು, ಇಂಥವನ್ನು ಒಬ್ಬನೇ ಕೂತು ತಡಕಾಡಿದ್ದರೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮಾತನ್ನು ಶುಚಿ ಮಾಡುವ ಡೈಲಾಗ್ ಎಡಿಟಿಂಗ್‌ನಂತೂ ಒಂಟಿಯಾಗಿ ಕಲಿತ ಎರಡು ದಾರಿಯಲ್ಲಿ ನಾನು ಮುಟ್ಟಿಯೂ ಇರಲಿಲ್ಲ. ಒಂಟಿಯಾಗಿ ಕಲಿಯುವವರು ಇಷ್ಟವಾದದ್ದನ್ನೇ ಕಲಿಯುತ್ತಾರೆ. ಕೋರ್ಸ್ ಇಷ್ಟವಿಲ್ಲದ್ದನ್ನೂ ಕಲಿಸುತ್ತದೆ.

ಲೈಬ್ರರಿ ದಾರಿಯಲ್ಲಿ ಒಂದು ಎಚ್ಚರಿಕೆ ಇರಲಿ. ಬಿಟ್ಟಿ ಅಂದ ಮಾತ್ರಕ್ಕೆ ಎಲ್ಲದಕ್ಕೂ ಬಳಸಬಹುದು ಅಂತಲ್ಲ. ಫ್ರೀಸೌಂಡ್‌ನಲ್ಲಿ ಫೈಲಿಗೊಂದು ಲೈಸೆನ್ಸ್: ಕೆಲವಕ್ಕೆ ಯಾವ ಷರತ್ತೂ ಇಲ್ಲ, ಕೆಲವಕ್ಕೆ ಹೆಸರು ಹಾಕಬೇಕು, ಕೆಲವನ್ನು ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಬಿಬಿಸಿಯ ಶಬ್ದ ಸಂಗ್ರಹ ಕಿವಿ ಪಳಗಿಸಲು ಅದ್ಭುತ, ಆದರೆ ಬಿಟ್ಟಿಯಾಗಿ ಸಿಗುವುದು ಸ್ವಂತಕ್ಕೆ, ಓದಿಗೆ, ಸಂಶೋಧನೆಗೆ ಮಾತ್ರ. ಗೆಳೆಯ ಈ ದೃಶ್ಯವನ್ನು ಚಿತ್ರದಲ್ಲಿ ಸೇರಿಸಿ ಮಾರುತ್ತೇನೆ ಅಂದಾಗ ಯಾವ ಶಬ್ದ ಎಲ್ಲಿಂದ ತಂದೆ ಅಂತ ನನಗೇ ನೆನಪಿರಲಿಲ್ಲ. ಎರಡನೇ ಫೈಲ್ ಅವತ್ತೇ ಪಕ್ಕಕ್ಕೆ ಹೋಯಿತು. ಈಗ ಫೈಲ್ ಇಳಿಸಿದ ಕೂಡಲೇ ಲೈಸೆನ್ಸನ್ನೂ ಒಂದು ಪಟ್ಟಿಯಲ್ಲಿ ಬರೆದಿಡುತ್ತೇನೆ.

ಸಾಫ್ಟ್‌ವೇರ್ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ, ನಾನು ಕೊನೆಗೆ ಹೇಳುತ್ತಿದ್ದೇನೆ. ಮೂರು ಬಳಸಿದೆ. ವಿಡಿಯೋ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್‌ನ ಬಿಟ್ಟಿ ಆವೃತ್ತಿಯಲ್ಲಿ ಶಬ್ದದ ಕೆಲಸಕ್ಕಿರುವ ಫೇರ್‌ಲೈಟ್ ಪುಟ ಸೇರಿಕೊಂಡೇ ಬರುತ್ತದೆ. ಚಿತ್ರ ಪಕ್ಕದಲ್ಲೇ ಇರುತ್ತದೆ, ಎಡಿಟ್ ಬದಲಾದರೆ ಒಂದೇ ಕಡೆ ಕಾಣುತ್ತದೆ. ಹೊಸಬರಿಗೆ ಇದೇ ಸಲೀಸು. ರೀಪರ್ 60 ದಿನ ಪೂರ್ತಿ ಬಳಸಿ ನೋಡಲು ಕೊಡುತ್ತಾರೆ. ಹಗುರ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಬೇಕಾದ ಹಾಗೆ ಬಗ್ಗುತ್ತದೆ. ಆದರೆ ಬಗ್ಗಿಸುವುದರಲ್ಲೇ ನನ್ನ ಎರಡು ವಾರ ಹೋಯಿತು. ಜೊತೆಗೆ ಎಡಿಟರ್‌ಗಳು ಶಬ್ದದ ಟ್ರ್ಯಾಕುಗಳನ್ನು ಜೋಡಿಸಿದ ಹಾಗೇ ಕಳಿಸುವ ಎಎಎಫ್ ಫೈಲನ್ನು ನಾನು ಬಳಸಿದಾಗ ಅದು ನೇರವಾಗಿ ತೆರೆಯುತ್ತಿರಲಿಲ್ಲ. ಪ್ರೊ ಟೂಲ್ಸ್ ದೊಡ್ಡ ಸ್ಟುಡಿಯೋಗಳ ಭಾಷೆ, ಅಸಿಸ್ಟೆಂಟ್ ಆಗಬೇಕಾದರೆ ಬರಲೇಬೇಕು. ಅದರ ಬಿಟ್ಟಿ ಆವೃತ್ತಿಯಲ್ಲಿ ಆಡಿಯೋ ಟ್ರ್ಯಾಕ್ 8 ಮಾತ್ರ. ನನ್ನ ಮಳೆಗೇ ಐದು ಬೇಕಿತ್ತು. ಇವುಗಳಲ್ಲಿ ಯಾವುದರಲ್ಲಿ ಮಾಡಿದೆ ಅಂತ ಗೆಳೆಯರು ಒಮ್ಮೆಯೂ ಕೇಳಿಲ್ಲ.

ಮತ್ತೆ ಮೊದಲಿನಿಂದ ಕಲಿಯುವುದಾದರೆ ನಾನು ಸರದಿ ಬದಲಿಸುತ್ತೇನೆ. ಮೊದಲ ಎರಡು ತಿಂಗಳು ರೆಕಾರ್ಡರ್ ಮಾತ್ರ. ಅದೂ ಇಲ್ಲದಿದ್ದರೆ ಫೋನ್ ಸಾಕು, ಕಲಿಯುವ ಕಿವಿಗೆ ಗುಣಮಟ್ಟ ಆಮೇಲೆ. ಲೈಬ್ರರಿಯನ್ನು ಅದಾದ ಮೇಲೆ ತೆರೆಯುತ್ತೇನೆ, ಆಗ ಮಳೆ ಅಂತ ಹುಡುಕುವುದಿಲ್ಲ, ಎಲೆಯ ಮೇಲಿನ ಮಳೆ ಅಂತ ಹುಡುಕುತ್ತೇನೆ. ಯಾರಾದರೂ ಕಿರುಚಿತ್ರಕ್ಕೆ ಕರೆದರೆ ತಯಾರಿ ಆಗಿಲ್ಲ ಅಂತ ಹಿಂದೆ ಸರಿಯುವುದಿಲ್ಲ. ಕೋರ್ಸ್ ಕೊನೆಗೆ, ಅದೂ ವಾರಕ್ಕೊಮ್ಮೆ ನೇರವಾಗಿ ಕೂತು ನನ್ನ ಕೆಲಸ ಕೇಳುವ ಶಿಕ್ಷಕರಿದ್ದರೆ. ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕು, ಬೇಗ ಸ್ಟುಡಿಯೋ ಸೇರಬೇಕು ಅನ್ನುವವರು ಈ ಸರದಿ ಕೇಳಬೇಡಿ. ನಿಮಗೆ ಕೋರ್ಸೇ ಮೊದಲು, ಅದರ ಬೆನ್ನಿಗೇ ಅಸಿಸ್ಟೆಂಟ್ ಕೆಲಸ.

ನಾಲ್ಕನೇ ಫೈಲನ್ನು ಮೊನ್ನೆ ಮತ್ತೆ ಹಾಕಿ ಕೇಳಿದೆ. ಏಳನೇ ಮೆಟ್ಟಿಲಿನ ಹೆಜ್ಜೆ ಒಂದು ಫ್ರೇಮ್ ಮೊದಲೇ ಬರುತ್ತಿದೆ. ಗೆಳೆಯ ಚಿತ್ರವನ್ನು ಆಗಲೇ ಕಳಿಸಿಬಿಟ್ಟಿದ್ದಾನೆ.